ಒಳ್ಳೆಯ ಸಂಬಂಧ ತಪ್ಪಿಸಿದ ಶಾರ್ಕ್ ಮಹಾಶಯರಿಗೆ

ಅರಬ್ಬೀ ಸಮುದ್ರದ ತೀರದಲ್ಲಿ ಸಕುಟುಂಬ ಸಪರಿವಾರ ನೆಲೆಸಿರುವ ಮಾನ್ಯ ಶಾರ್ಕ್ ಮಹಾಶಯರೇ,

ಮಹಾರಾಷ್ಟ್ರದ ನಾಸಿಕದಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸುವ, ಕುಂದಾಪುರ ಮೂಲದ ನರಹರಿಯು ತಮ್ಮ ಹಲ್ಲುಗಳಿಗೆ ದೂರದಿಂದಲೇ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮನೆತನದಲ್ಲಿ ತಮ್ಮ ಕುಲದ ಒಬ್ಬರನ್ನೂ ಯಾರೂ ತಿಂದವರಲ್ಲ. ಈ ಉಪಕಾರಕ್ಕೆ ಪ್ರತಿಯಾಗಿ ತಾವು ನನ್ನ ಮಗಳಿಗೆ ಬಂದ ಒಳ್ಳೆಯ ಸಂಬಂಧ ತಪ್ಪಿಸಿದ್ದೀರಿ.

ಮಗಳು ಸಮೀಕ್ಷಾ ಔರಂಗಾಬಾದಿನ ಪ್ರಯೋಗಾಲಯವೊಂದರಲ್ಲಿ ತಮ್ಮ ವಂಶವಾಹಿಗಳನ್ನು ಓದುತ್ತಾಳೆ. ಮಲ್ಪೆಯಿಂದ ರತ್ನಾಗಿರಿಯವರೆಗಿನ ಬಂದರುಗಳಿಂದ ತಮ್ಮ ರೆಕ್ಕೆಯ ಚೂರುಗಳು ಪುಟ್ಟ ಬಾಟಲಿಗಳಲ್ಲಿ ಬರುತ್ತವೆ. ಯಾರು ಯಾರ ಅಣ್ಣ, ಯಾರ ದೊಡ್ಡಮ್ಮ ಎಂದು ಅವಳು ಪತ್ತೆ ಹಚ್ಚುತ್ತಾಳೆ. ಊರಿನ ಸ್ವಂತ ಚಿಕ್ಕಮ್ಮಂದಿರ ಹೆಸರು ಅವಳಿಗೆ ಇಂದಿಗೂ ಬರುವುದಿಲ್ಲ, ತಮ್ಮವರದೆಲ್ಲ ಬಾಯಿಪಾಠ. ತಾವು ಹುಟ್ಟಿದ ಕೊಲ್ಲಿ ಬಿಟ್ಟು ಹೋಗುವುದಿಲ್ಲವಂತೆ, ಸಂಬಂಧಗಳನ್ನೂ ಅಲ್ಲಲ್ಲೇ ಮುಗಿಸುತ್ತೀರಂತೆ. ಎಂಥ ಸಂಪ್ರದಾಯಸ್ಥರು ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳೆದುರೂ ತಮ್ಮನ್ನು ಹೊಗಳಿದೆ.

ಕಳೆದ ಕಾರ್ತಿಕದಲ್ಲಿ, ಎಲ್ಲೋರಾ ಗುಹೆಗಳಿರುವ ವೇರೂಳದ ಬಳಿ ಹೋಟೆಲು ಇಟ್ಟಿರುವ ನಮ್ಮೂರಿನ ಜಯರಾಮರು ಮಗ ಶ್ರೀನಿಧಿಯೊಂದಿಗೆ ಹೆಣ್ಣು ನೋಡಲು ಬಂದರು. ಗೋತ್ರ ಬೇರೆ, ಜಾತಕ ಸರಿ, ಎರಡೂ ಮನೆಯ ಸಾಂಬಾರಿಗೆ ಒಂದೇ ರುಚಿ. ಎಲ್ಲ ಕುದುರಿತು ಎನ್ನುವಾಗ ಜಯರಾಮರು ಸುಮ್ಮನಿರಲಾರದೆ ಮಗಳ ಕೆಲಸದ ವಿಚಾರ ಕೇಳಿಬಿಟ್ಟರು. ಬಲೆಗಳಿಂದಾಗಿ ತಮ್ಮವರ ಸಂಖ್ಯೆ ಇಳಿದಿದೆ, ಉಳಿದವರು ಅವರವರಲ್ಲೇ ಸಂಬಂಧ ಬೆಳೆಸಿ ಬೆಳೆಸಿ ಸಂತತಿ ಸೊರಗುತ್ತಿದೆ, ಒಂದು ಕೊಲ್ಲಿ ಬರಿದಾದರೆ ಬೇರೆ ಕೊಲ್ಲಿಯವರು ಬಂದು ತುಂಬುವುದೂ ಇಲ್ಲ ಎಂದು ಅವಳು ಉತ್ಸಾಹದಿಂದ ವಿವರಿಸಿದಳು. ಅದೇ ಉಸಿರಿನಲ್ಲಿ ಶ್ರೀನಿಧಿಯ ಅಜ್ಜಿಯ ತವರು ಯಾವುದೆಂದು ಕೇಳಿದಳು. ನನ್ನ ಅಜ್ಜಿಯ ತವರೂ ಅದೇ. ಅವನ ತಾತನ ಅತ್ತಿಗೆ ನನ್ನ ಹೆಂಡತಿ ಮೃದುಲಾಳ ಸೋದರತ್ತೆ. ಮಗಳು ಇನ್ನೂ ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ನಾನು ಜಯರಾಮರಿಗೆ ಮೂರು ಕಡೆಯಿಂದ ಭಾವನಾಗಿದ್ದೆ. ಹಾಗಾದರೆ ನಮ್ಮ ಸಂತತಿಯೂ ಸೊರಗುವುದೇ ಎಂದು ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ನಾನು ಮಗಳಿಗೆ ಚೆನ್ನಾಗಿಯೇ ಬೈದೆ. ಅವಳು ಶಾಂತವಾಗಿ, “ಶಾರ್ಕಿಗೆ ದುಸರಾ ರಸ್ತಾ ಗೊತ್ತಿಲ್ಲ ಅಪ್ಪ, ಬಿಚಾರಾ. ನಿಮಗೆ ಯೇವಲಾದ ಬಸ್ ಗೊತ್ತುಂಟಲ್ಲ” ಎಂದಳು. ನಮ್ಮ ಜಿಲ್ಲೆಯದೇ ಆದ ಯೇವಲಾದಲ್ಲಿ ಪೈಠಣಿ ಸೀರೆ ನೇಯುವವರ ಮಗ ಯಶವಂತನೆಂಬವನು ಅವಳದೇ ಪ್ರಯೋಗಾಲಯದಲ್ಲಿರುವುದು, ಅವಳು ಅವನನ್ನೇ ಒಪ್ಪಿರುವುದು ಆಗ ತಿಳಿಯಿತು. ಮರಾಠಿ ಹುಡುಗ, ಒಳ್ಳೆಯವನೇ. ನನ್ನ ಸಂಕಟ ಬೇರೆ. ನಾಳೆ ಮೊಮ್ಮಗು ನನ್ನನ್ನು ಆಜೋಬಾ ಎಂದು ಕರೆದರೆ, ಈ ಊರಿನಲ್ಲಿ ನನ್ನನ್ನು ಅಜ್ಜ ಎನ್ನುವವರು ಒಬ್ಬರೂ ಇರುವುದಿಲ್ಲ. ಅದನ್ನು ನೆನೆದರೆ ನಿಜವಾಗಿಯೂ ದುಃಖವಾಗುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆಗಾಗ ಗುಜರಾತಿನ ಕಡೆಯೂ ಸಂಬಂಧ ನೋಡಿ ಬರಬೇಕು, ಮರಿಗಳ ವಿಷಯದಲ್ಲಿ ಜಿಪುಣತನ ಬಿಡಬೇಕು, ಬಲೆ ಎದುರಾದರೆ ನಯವಾಗಿ ನಿರಾಕರಿಸಿ ಪಕ್ಕಕ್ಕೆ ಸರಿಯಬೇಕು. ತಾವು ತುಂಬಿ ತುಳುಕಿದರೆ ಮಗಳ ವಾದ ಬಿದ್ದುಹೋಗುತ್ತದೆ, ನಾನು ಜಯರಾಮರನ್ನು ಉಳಿದರ್ಧ ಕಾಫಿಗೆ ಕರೆಯಬಹುದು. ತಮ್ಮ ಕುಲದ ಹೆಣ್ಣು ವಯಸ್ಸಿಗೆ ಬರುವುದಕ್ಕೇ ವರ್ಷಗಳು ಬೇಕೆಂದು ಸಮೀಕ್ಷಾ ನಗುತ್ತಾಳೆ. ಆದರೆ ಯಶವಂತನೊಂದಿಗೆ ಮದುವೆ ಬರುವ ವೈಶಾಖಕ್ಕೇ ಗೊತ್ತಾಗಿರುವುದರಿಂದ, ಅಷ್ಟರೊಳಗೆ ತಮ್ಮ ಜನಸಂಖ್ಯೆ ಇಮ್ಮಡಿಯಾಗಬೇಕಾಗಿ ಪ್ರಾರ್ಥನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ನರಹರಿ

ಮರೆತ ಮಾತು: ಯಶವಂತ ಮೀನು ತಿನ್ನುವವನು. ಮೃದುಲಾ ಎದುರಿಗೆ ಕೂರಿಸಿಕೊಂಡು ಕೇಳಿದ್ದಕ್ಕೆ, ಶಾರ್ಕ್ ಕುಲದವರನ್ನು ಮಾತ್ರ ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಮದುವೆಯಾದ ವಾರಕ್ಕೆ ಮಗಳು ಅಳಿಯ ಇಬ್ಬರೂ ತಾವಿರುವ ಕೊಲ್ಲಿಗೇ ಈಜಲು ಬರುತ್ತಿದ್ದಾರೆ. ತಮ್ಮ ಕಡೆಯಿಂದ ಅಂಥ ಮಾತು ಇನ್ನೂ ಬಂದಿಲ್ಲ.