ದೊಡ್ಡಪ್ಪ ಕರೆಸುತ್ತಿದ್ದ ಕಾಗೆ

ನಮ್ಮ ದೊಡ್ಡಪ್ಪನಿಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಬಂದಿರಲಿಲ್ಲ! ಇಲ್ಲದಿದ್ದರೆ, ಹೆಂಗಸರು ಹೆಂಗಸರ ಕಿವಿಯಲ್ಲಷ್ಟೇ ಪಿಸುಗುಟ್ಟುವ ಮಾತನ್ನು ಯಾವ ಗಂಡಸು ಜಗಲಿಯ ಮೇಲೆ ನಿಂತು ಸಾರುತ್ತಾನೆ? "ಅವ್ವಾ, ನಿನ್ ಸೊಸೆಗೆ ಕಾಗೆ ಮುಟ್ಟೈತೆ! ಮೂರು ದಿನ ಅಡುಗೆ ನಂದು!" ಎಂದು ಅವನು ಕೂಗಿದರೆ ಸಮೇತನಹಳ್ಳಿಯ ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕಾಗೆ ಮುಟ್ಟಿದವಳು ಮೂರು ದಿನ ಒಲೆ, ಬಿಂದಿಗೆ ಯಾವುದನ್ನೂ ಮುಟ್ಟದೆ ಹಿತ್ತಿಲಲ್ಲಿ ದೂರ ಕೂರಬೇಕಾದ ಕಾಲ ಅದು. ಆದರೆ ದೊಡ್ಡಮ್ಮನನ್ನು ಕಾಗೆ ಮುಟ್ಟುವುದು ಬಿಟ್ಟು ಆಗಲೇ ವರ್ಷವಾಗಿತ್ತು! ಬದಲಿಗೆ ಮೈಗೆ ಉರಿ ಹತ್ತಿತ್ತು. ಮಾಗಿಯ ಚಳಿಯಲ್ಲಿ ನಾವು ಕಂಬಳಿಯೊಳಗೆ ನಡುಗುತ್ತಿದ್ದರೆ ಅವಳು ಬೆವರಿನಲ್ಲಿ ತೊಯ್ಯುತ್ತಿದ್ದಳು. ದೊಡ್ಡಪ್ಪ ರಾಗಿ ಕೇರುವ ಮೊರ ತಂದು ಗಾಳಿ ಹಾಕಿದ. ಮೊರದ ಹೊಟ್ಟು ಪೂರ್ತಿ ಅವಳ ಕಣ್ಣಿಗೆ! ಮುದ್ದೆಕೋಲು ಹಾರಿ ಬಂತು.

"ಗುರಿ ಚೆನ್ನಾಗೈತೆ ಕಣೇ, ಶಕ್ತಿ ಏನೂ ಕುಗ್ಗಿಲ್ಲ," ಎಂದು ಅವನು ಹಣೆ ಸವರಿಕೊಂಡ.

ಒಂದು ದಿನ ರಾಗಿ ಬೀಸುತ್ತಾ ದೊಡ್ಡಮ್ಮ ಅತ್ತುಬಿಟ್ಟಳು. ತಾಯಿಯಿಲ್ಲದ ನಾನು ಆ ಮನೆಯಲ್ಲೇ ಬೆಳೆಯುತ್ತಿದ್ದವಳು, ಬೀಸುಕಲ್ಲಿನ ಆಚೆ ಕೂತಿದ್ದೆ.

"ನಿಂತೋಗಿದ್ದು ಒಳ್ಳೇದೇ ಆಯ್ತು ಬಿಡು, ಅಳ್ತೀಯಾಕೆ?" ಎಂದ ದೊಡ್ಡಪ್ಪ.

"ಈ ಮನೆಗೆ ಬಂದಾಗಿಂದ ನಾನು ಕೂತಿದ್ದು ಆ ಮೂರು ದಿನಾನೇ. ಈಗ ಅದೂ ಹೋಯ್ತು. ಇನ್ನು ಕೂರೋದು ಚಟ್ಟದ ಮೇಲೇನೇ."

ಮರುದಿನ ಬೆಳಿಗ್ಗೆ ದೊಡ್ಡಪ್ಪ ಮೊದಲ ಸಲ ಜಗಲಿ ಹತ್ತಿ ಕೂಗಿದ.

ಇನ್ನು ಅವನ ಅಡುಗೆ! ಆ ಮುದ್ದೆಯನ್ನು ನಮ್ಮ ಎತ್ತು ಕೂಡ ಮೂಸಿ ಮುಖ ತಿರುಗಿಸಿತು. ಲೆಕ್ಕವೂ ಅಷ್ಟಕ್ಕಷ್ಟೆ. ಒಮ್ಮೆ ಒಂದೇ ತಿಂಗಳಲ್ಲಿ ಎರಡು ಸಲ ಕೂಗಿಬಿಟ್ಟ.

"ಮೊನ್ನೆ ತಾನೇ ನೀರು ಹುಯ್ಕೊಂಡು ಒಳಗ್ ಬಂದ್ಳಲ್ಲೋ?" ಎಂದಳು ಅಜ್ಜಿ.

"ಕಾಗೆಗೇನು ಪಂಚಾಂಗ ನೋಡೋಕ್ ಬರ್ತದಾ, ಅವ್ವಾ?"

ನಾನು ನಗುತ್ತಿದ್ದೆ, ಒಳಗೊಳಗೇ ಹೆದರುತ್ತಲೂ ಇದ್ದೆ. ಅಜ್ಜಿ ಬೆಂಕಿಯಂಥವಳು. ಗುಟ್ಟು ಗೊತ್ತಾದರೆ ಸೊಸೆಯನ್ನು ಆ ಗಳಿಗೆಯಲ್ಲೇ ಒಲೆಯ ಮುಂದೆ ಕೂರಿಸುತ್ತಿದ್ದಳು.

ಯುದ್ಧ ನಡೆಯುತ್ತಿದ್ದ ಕಾಲ. ಬೆಂಗಳೂರು ದಂಡಿನಲ್ಲಿ ಸಿಪಾಯಿಗಳು ತುಂಬಿದ್ದರು, ಆಲೂಗಡ್ಡೆಗೆ ಒಳ್ಳೆಯ ಬೆಲೆಯಿತ್ತು. ದೊಡ್ಡಪ್ಪ ಗಾಡಿ ಕಟ್ಟಿಕೊಂಡು ಹೋದವನು ಬರುವುದು ತಡವಾಯಿತು. ಕೂಗುವವರಿಲ್ಲ. ದೊಡ್ಡಮ್ಮ ಬೆವರೊರೆಸುತ್ತಾ ಒಲೆ ಹಚ್ಚುತ್ತಿದ್ದಳು. ಅಜ್ಜಿ ಕೋಲೂರಿಕೊಂಡು ಬಂದು ಎದುರಿಗೆ ನಿಂತಳು.

"ಏಳೇ. ನಿಂಗೆ ಕಾಗೆ ಮುಟ್ಟೈತೆ. ಹಿತ್ತಿಲಿಗೆ ಹೋಗು."

"ಇಲ್ಲ ಅತ್ತೆ, ನಂಗೆ..."

"ಗೊತ್ತು. ಅವ್ನು ಮೊದಲ್ನೇ ಸಲ ಕೂಗ್ದಾಗ್ಲೇ ಗೊತ್ತು. ಹೋಗು."

ದೊಡ್ಡಮ್ಮ ಕಣ್ಣೊರೆಸಿಕೊಂಡು ಎದ್ದು ಹೋದಳು. ಅಜ್ಜಿ ಅವಳ ಜಾಗದಲ್ಲಿ ಕೂತು ಒಲೆ ಊದತೊಡಗಿದಳು. ನಾನು ಸೌದೆ ಕೊಟ್ಟೆ. ನನ್ನ ಮುಖ ನೋಡದೆಯೇ ಅವಳು ಹೇಳಿದಳು:

"ನಂಗೂ ಹಿಂಗೇ ಉರೀತಿತ್ತು ಕಣೇ, ಮಗ. ನಿಮ್ ತಾತ ಒಂದೇ ಒಂದು ಸುಳ್ಳೂ ಹೇಳ್ಲಿಲ್ಲ."