ಮಾವನ ರಾಷ್ಟ್ರೀಯ ವಸ್ತುಸಂಗ್ರಹಾಲಯ

ನಮ್ಮ ಸೋದರಮಾವನಿಗೆ ತಲೆ ಎತ್ತಿ ನಡೆಯಲು ಬರುವುದಿಲ್ಲ. ಅವಮಾನದಿಂದ ಅಲ್ಲ ಸ್ವಾಮಿ! ನೆಲದಲ್ಲಿ ಹಳೇ ಮಡಕೆ ಚೂರು ಹುಡುಕುವ ಚಟ. ಮೊಳಕಾಲ್ಮುರು ಸೀಮೆಯ ಅವರ ಊರಲ್ಲಿ ಹೊಲ ಉತ್ತರೆ ಶೇಂಗಾಕ್ಕಿಂತ ಹೆಚ್ಚಾಗಿ ಅವೇ ಮೇಲೆ ಬರುತ್ತವೆ. ಊರವರು ಚೂರುಗಳನ್ನು ಬದುವಿಗೆ ಎಸೆಯುತ್ತಾರೆ. ಮಾವ ಬದುವಿನಿಂದ ಆರಿಸಿ ಮನೆಗೆ ತರುತ್ತಾರೆ.

ಚಳ್ಳಕೆರೆಯ ನಮ್ಮ ಮನೆಗೆ ಬಂದರೂ ಕೂತಲ್ಲಿ ಕೂರುವವರಲ್ಲ. ಚಹಾ ಲೋಟ ಕೈಯಲ್ಲಿರುವಾಗಲೇ, "ಅಲ್ಲೆಲ್ಲೋ ಬಾವಿ ತೋಡ್ತಾ ಅದಾರಂತೆ ಕಣಲೇ ಅಳಿಯ, ಬರ್ತೀನಿ" ಎಂದು ಬಸ್ಸಿಗೆ ಓಡುತ್ತಾರೆ. ಎಷ್ಟೋ ಸಲ ಲೋಟವೂ ಅವರ ಜೊತೆ ಹೋಗಿದೆ. ಮುಂದೊಂದು ಕಾಲಕ್ಕೆ ಅದೂ ಪ್ರದರ್ಶನಕ್ಕೆ ಬಂದೀತು!

ಊರಿನ ತಮ್ಮ ಮನೆಯಲ್ಲಿ ಈರುಳ್ಳಿ ಇಡುವ ಕೋಣೆಯನ್ನು ಖಾಲಿ ಮಾಡಿಸಿ, 'ರಾಷ್ಟ್ರೀಯ ವಸ್ತುಸಂಗ್ರಹಾಲಯ' ಎಂದು ಬೋರ್ಡು ಹಾಕಿದರು. ಸದ್ಯಕ್ಕೆ ಊರಿನ ಹೆಸರು ಸಾಲದೇ ಎಂದೆ.

"ಲೇ, ರಾಷ್ಟ್ರ ಹುಟ್ಟಾಕೆ ಮುಂಚೇನೇ ನಮ್ಮೋರು ಮಡಿಕೆ ಮಾಡ್ತಿದ್ರು. ಇದಕ್ಕಿಂತ ದೊಡ್ಡ ಹೆಸರಿದ್ರೆ ಹೇಳು."

"ಈರುಳ್ಳಿ ಎಲ್ಲಿಡ್ಲಿ ಅನ್ನೋದನ್ನೂ ಹೇಳ್ರಿ" ಎಂದರು ಅತ್ತೆ. ಅಂದಿನಿಂದ ಈರುಳ್ಳಿ ಮಂಚದ ಕೆಳಗಿದೆ.

ಊರ ಬೇವಿನ ಕಟ್ಟೆಯ ಮೇಲೆ ಒಂದು ನುಣುಪಾದ ಕಲ್ಲು ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರಾಗಿತ್ತು. ಅದು ಶಿಲಾಯುಗದ ಕೊಡಲಿ ಎಂದು ಪತ್ತೆಹಚ್ಚಿದ ಮಾವ, ಊರವರನ್ನು ಕಾಡಿ ಬೇಡಿ ಮ್ಯೂಸಿಯಂಗೆ ತಂದರು. ಮುಂದಿನ ಮಂಗಳವಾರ ಹೆಂಗಸರೆಲ್ಲ ಕಾಯಿ, ಕರ್ಪೂರ ಹಿಡಿದು ಅಲ್ಲಿಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಪಕ್ಕದ ಚೂರುಗಳಿಗೂ ಕುಂಕುಮ ಇಟ್ಟು ಹೋದರು. ಅದನ್ನೆಲ್ಲ ಒರೆಸುತ್ತ ಮಾವ ಇಡೀ ದಿನ ಕೂತರು. ಅವರು ಹಾಗೆ ಒಂದೆಡೆ ಕೂತದ್ದನ್ನು ನಾನು ನೋಡಿರುವುದು ಎರಡೇ ಸಲ. ಅದು ಮೊದಲನೆಯದು.

ಬೋರ್ಡು ಹಾಕಿದ ಮಾತ್ರಕ್ಕೆ ಮ್ಯೂಸಿಯಂ ಆದೀತೇ? ಸರ್ಕಾರ ಊರಲ್ಲೇ ಕಟ್ಟಡ ಕಟ್ಟಬೇಕು, ಊರಿನ ವಸ್ತು ಊರಲ್ಲೇ ಇರಬೇಕು ಎಂಬುದು ಮಾವನ ಹಟ. ಕಚೇರಿಗಳಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದರು. ಕೊನೆಗೊಬ್ಬ ಅಧಿಕಾರಿ, "ಬರೀ ಚೂರು ತೋರಿಸಿದರೆ ಮೇಲಿನವರು ಒಪ್ಪಲ್ಲ. ಇಡಿಯಾದದ್ದು ಒಂದು ಸಿಕ್ಕರೂ ಹೇಳಿ, ನಾನೇ ಬಂದು ಶಿಫಾರಸು ಮಾಡ್ತೀನಿ" ಎಂದರು. ಮೊದಲೇ ನಿಂತಲ್ಲಿ ನಿಲ್ಲದ ಮಾವನಿಗೆ ಆಮೇಲೆ ಊಟ ನಿದ್ದೆಯೂ ಬಿಟ್ಟುಹೋಯಿತು.

ಕಳೆದ ಬೇಸಿಗೆಯಲ್ಲಿ ಅವರ ಹೊಲದಲ್ಲೇ ನೀರಿನ ಪೈಪು ಹೂಳಲು ಜೆಸಿಬಿ ಬಂದಿತ್ತು. ನಾನೂ ಅತ್ತೆಯೂ ಬುತ್ತಿ ಒಯ್ದಾಗ ಮಾವ ಅದು ತೋಡಿದ ಗುಂಡಿಯಲ್ಲಿ ಸುಮ್ಮನೆ ಕೂತಿದ್ದರು. ಮುಂದೆ ಒಂದು ಸೀಳೂ ಇಲ್ಲದ ಬೂದು ಮಡಕೆ. ಒಳಗೆ ಸಣ್ಣ ಸಣ್ಣ ಎಲುಬು. ಆ ಕಾಲದವರು ತೀರಿಹೋದ ಹಸುಗೂಸನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು ಎಂದು ಹಿಂದೆ ಮಾವನೇ ನನಗೆ ಹೇಳಿದ್ದರು.

"ಅಧಿಕಾರಿಗೆ ಫೋನ್ ಮಾಡ್ಲಾ ಮಾವ?"

ಅವರು ಮಡಕೆಯ ಬಾಯಿಗೆ ಅಂಗೈ ಮುಚ್ಚಿದರು. ಮಾವನಿಗೆ ಹುಟ್ಟಿದ್ದ ಒಂದೇ ಮಗು ಹೆಸರಿಡುವ ಮುಂಚೆಯೇ ಹೋಗಿತ್ತು. ಅದನ್ನು ಮಣ್ಣು ಮಾಡಿದ್ದೂ ಇದೇ ಹೊಲದ ಬದುವಿನ ಹತ್ತಿರ. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.

"ಬ್ಯಾಡ ಕಣಪ್ಪ" ಎಂದರು. "ಇದನ್ನ ಗಾಜಿನ ಪೆಟ್ಟಿಗ್ಯಾಗೆ ಇಟ್ರೆ, ಇದ್ರ ಅವ್ವ ಎಲ್ಲಿ ಅಂತ ಹುಡುಕ್ತಾಳೆ?"

ಅಂಗೈಯಿಂದ ಮಣ್ಣು ಎಳೆಯತೊಡಗಿದರು. ಚೂರು ಕಂಡರೆ ಉರಿದುಬೀಳುವ ಅತ್ತೆ ಬುತ್ತಿ ಕೆಳಗಿಟ್ಟು, ಗುಂಡಿಗಿಳಿದು, ಅವರ ಪಕ್ಕ ಕೂತು ತಾವೂ ಮಣ್ಣು ಹಾಕಿದರು.

ಜೆಸಿಬಿಯವನು ಇಳಿದು ಬಂದು ಏನಾಯಿತೆಂದು ಕೇಳಿದ.

"ಪೈಪು ಆ ಕಡೆಯಿಂದ ಸುತ್ತಿಸಿ ತಗಂಡು ಹೋಗಪ್ಪ" ಎಂದರು ಅತ್ತೆ. "ಇಲ್ಲಿ ಕೂಸು ಮಲಗೈತೆ."