ಹೊರಟಲ್ಲಿಗೆ ವಾಪಸ್

ಪಟ್ಟಂದೂರು ಅಗ್ರಹಾರದ ರಾಮಾಂಜಿನಪ್ಪನವರು ಹುಟ್ಟಿದ ಊರಿನಲ್ಲೇ ದಾರಿ ತಪ್ಪಿದ್ದು ಆ ತಿಂಗಳಲ್ಲಿ ಅದು ಎರಡನೆಯ ಸಲ. ಅವರ ತಪ್ಪೇನೂ ಇಲ್ಲ. ಹುಣಸೆಮರದ ಹತ್ತಿರ ಬಲಕ್ಕೆ, ಸೇದೋ ಬಾವಿ ದಾಟಿ ಎಡಕ್ಕೆ ಎಂದು ಅರವತ್ತು ವರ್ಷ ತಿರುಗಿದ ಕಾಲುಗಳು. ಈಗ ಮರವಿಲ್ಲ, ಬಾವಿ ಇದ್ದಲ್ಲಿ ಜಿಮ್ಮು, ರಾಗಿ ಕಣದಲ್ಲಿ ಒಂದೇ ತಟ್ಟೆಯ ಇಡ್ಲಿಗಳ ಹಾಗೆ ಹನ್ನೊಂದು ಪಿ.ಜಿ.ಗಳು. ಕೊನೆಗೆ ಕೊರಿಯರ್‌ನವನನ್ನು ಕೇಳಿದರೆ ಅವನು, “ಅಂಕಲ್, ಊರಿಗೆ ಹೊಸಬ್ರಾ?” ಅಂದುಬಿಟ್ಟ.

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು. ಒಂದು ಕಾಲಕ್ಕೆ ಯಾರ ಮನೆ ಎಲ್ಲಿ ಎಂದು ಪೋಸ್ಟ್‌ಮನ್ ಕೂಡ ಇವರನ್ನೇ ಕೇಳುತ್ತಿದ್ದ. ವಿಷಯ ಹೊರಗೆ ಬಿದ್ದರೆ ಮರ್ಯಾದೆ ಹೋಗುವುದಿರಲಿ, ಹೆಂಡತಿ ಲಕ್ಷ್ಮಮ್ಮ ತಮ್ಮನ್ನು ಒಬ್ಬರನ್ನೇ ಬಾಗಿಲು ದಾಟಲೂ ಬಿಡುವುದಿಲ್ಲ.

ಅಷ್ಟರಲ್ಲಿ ಕಂಡದ್ದು ತಮ್ಮ ಮನೆಯ ಮೊದಲನೇ ಮಹಡಿಯ ಬಾಡಿಗೆದಾರ ವೀರೇಶನ ಕೈಯ ವಾಚು. ಓಡಲು ಹೋದವನಿಗೆ ದಾರಿ ತೋರಿಸುತ್ತದಂತೆ! ನನಗೂ ಒಂದು ಬೇಕು ಎಂದದ್ದೇ ತಡ, ಶನಿವಾರ ಬೆಳಿಗ್ಗೆ ವೀರೇಶನೂ, ಎರಡನೇ ಮಹಡಿಯ ಸೈಕಲ್ ಹುಚ್ಚಿನ ನೀಲಾಂಬಿಕಾಳೂ ಮದುವೆ ದಿಬ್ಬಣದ ಹಾಗೆ ಅವರನ್ನು ಮುಖ್ಯರಸ್ತೆಯ ವಾಚಿನ ಅಂಗಡಿಗೆ ಹೊರಡಿಸಿದರು.

“ಯಾತಕ್ಕೆ ಬೇಕು ಸಾರ್?” ಅಂಗಡಿಯ ದೀಪು ಕೇಳಿದ.

“ಇಂಗೇ... ಬೆಟ್ಟ ಗಿಟ್ಟ ಅತ್ತೋಕೆ.”

“ಹಂಗಾದ್ರ ಬ್ಯಾಟರಿ ಹದಿನಾಕು ದಿನ ಬರೋದು ತಗೋರಿ. ಕಾಡಿನ್ಯಾಗ ಚಾರ್ಜರ್ ಎಲ್ಲಿ ಸಿಗ್ತದ?” ಎಂದ ವೀರೇಶ.

“ಸುಮ್ನಿರೋ, ಅಂಕಲ್ ವಯಸ್ಸಿಗೆ ಹಾರ್ಟ್‌ಬೀಟ್ ತೋರಿಸೋದೇ ಮುಖ್ಯ,” ಎಂದಳು ನೀಲಾಂಬಿಕಾ.

“ಇದು ನೋಡಿ ಸಾರ್, ಐವತ್ತು ಮೀಟರ್ ನೀರಲ್ಲಿ ಮುಳುಗಿದ್ರೂ ಏನೂ ಆಗಲ್ಲ,” ಎಂದ ದೀಪು.

“ವಾಚಿಗೆ ಆಗಲ್ಲ ಸರಿ ಕಣಪ್ಪ. ನನಗೆ?” ಎಂದು ರಾಮಾಂಜಿನಪ್ಪನವರು ದನಿ ಇಳಿಸಿ, “ವಾಪಸ್ ದಾರಿ ತೋರಿಸ್ತದಾ?” ಎಂದು ಕೇಳಿದರು.

“ಎಲ್ಲಿಂದ ಹೊರಟ್ರೋ ಅಲ್ಲಿಗೇ ಕರ್ಕೊಂಡ್ಬರತ್ತೆ ಸಾರ್!”

ದೀಪು ಅವರನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ, ಆಕಾಶಕ್ಕೆ ಕೈ ತೋರಿಸಿ, ಸ್ಯಾಟಲೈಟ್ ಸಿಕ್ಕಿತೆಂದು ಗುಂಡಿ ಒತ್ತಿ ಕೊಟ್ಟ. ವಾಪಸ್ ಬರಲು ಒತ್ತಬೇಕಾದ ಗುಂಡಿಯನ್ನೂ ತೋರಿಸಿದ. “ನಡಕೊಂಡೇ ಮನಿಗೆ ಹೋಗ್ರಿ ಅಂಕಲ್, ಟೆಸ್ಟ್ ಆಗ್ತದ,” ಎಂದ ವೀರೇಶ. ಬಾಡಿಗೆಯವರಿಬ್ಬರೂ ತಮ್ಮ ಕೆಲಸಕ್ಕೆ ಹೋದರು.

ನಾಲ್ಕು ತಿರುವಿನಲ್ಲೇ ರಾಮಾಂಜಿನಪ್ಪನವರು ಕಳೆದುಹೋದರು. ಹೆದರಲಿಲ್ಲ. ವಾಪಸ್ ಗುಂಡಿ ಒತ್ತಿದರು. ಬಾಣ ಹೇಳಿದಂತೆ ನಡೆದರು. ಬಾಣ ಅವರನ್ನು ಭಕ್ತಿಯಿಂದ ಕರೆತಂದು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿತು.

“ಏನಾದ್ರೂ ಪ್ರಾಬ್ಲಮ್ಮಾ ಸಾರ್?”

“ಇಲ್ಲಪ್ಪ... ಥ್ಯಾಂಕ್ಸ್ ಏಳೋಣಾಂತ ಬಂದೆ.”

ಎರಡನೇ ಸಲ ಬೇರೆ ಗಲ್ಲಿ ಹಿಡಿದರು. ಬಾಣ ಮತ್ತೆ ಅಲ್ಲಿಗೇ ತಂದಿತು. ಮತ್ತೆ ಥ್ಯಾಂಕ್ಸ್ ಹೇಳಿದರು. ಮೂರನೇ ಸಲ ಬಂದಾಗ ಬಿಸಿಲು ನೆತ್ತಿಗೇರಿ, ವಾಚು ಒಂಬತ್ತು ಸಾವಿರ ಹೆಜ್ಜೆಗೆ ಶಹಬ್ಬಾಸ್ ಹೇಳಿ ಗುಯ್‌ಗುಟ್ಟುತ್ತಿತ್ತು. ದೀಪುವಿನ ಕಣ್ಣು ಒದ್ದೆಯಾಗಿತ್ತು.

“ಕಸ್ಟಮರ್ ವಾಪಸ್ ಬಂದ್ರೆ ಬೈಯೋಕೇ ಬರೋದು ಸಾರ್. ಮೂರು ಸಲ ಥ್ಯಾಂಕ್ಸ್ ಹೇಳಿದವ್ರು ನೀವೊಬ್ರೇ. ಬನ್ನಿ, ಬೈಕಲ್ಲಿ ಮನೆಗೆ ಬಿಡ್ತೀನಿ. ಎಲ್ಲಿ ಬರತ್ತೆ?”

“ಉಣಸೆಮರದತ್ರ ಬಲಕ್ಕೆ.”

“ಹುಣಸೆಮರ ಎಲ್ಲಿದೆ ಸಾರ್?”

“ಕಡುದ್ರು.”

ದೀಪು ತಲೆ ಕೆರೆದುಕೊಂಡ. “ಮನೆ ಹೆಸರು?”

“ಲಕ್ಷ್ಮಮ್ಮ ನಿಲಯ.”

“ಅಯ್ಯೋ! ಹೋದ ವಾರ ಮೂರನೇ ಮಹಡಿಗೆ ಬಂದಿರೋದು ನಾನೇ ಸಾರ್! ಅಡ್ವಾನ್ಸ್ ಅಮ್ಮನ ಕೈಗೇ ಕೊಟ್ಟಿದ್ದೆ, ನಿಮ್ಮನ್ನ ನೋಡೇ ಇರ್ಲಿಲ್ಲ.”

ಐದು ನಿಮಿಷಕ್ಕೆ ಮನೆ ಬಂತು. ರಾಮಾಂಜಿನಪ್ಪನವರು ಮನಸ್ಸಿನಲ್ಲೇ ದೇವರಿಗೊಂದು, ದೀಪುವಿಗೊಂದು ಕೈ ಮುಗಿದರು. ಗೇಟಿನ ಹತ್ತಿರ ದೀಪು, “ಇನ್ಮೇಲೆ ಎಲ್ಲಿಗೆ ಹೋದ್ರೂ ಇಲ್ಲಿಗೇ ಕರ್ಕೊಂಡ್ಬರತ್ತೆ,” ಎಂದು ವಾಚಿಗೆ ಮನೆಯನ್ನೇ ಗುರುತು ಹಾಕಿ ಕೊಟ್ಟ. ಅಬ್ಬಾ, ಗೆದ್ದೆ ಅಂದುಕೊಂಡರು. ಅಷ್ಟಕ್ಕೇ ಸುಮ್ಮನಾಗದೆ ಅವನು, ಬಾಗಿಲಿಗೆ ಬಂದ ಲಕ್ಷ್ಮಮ್ಮನಿಗೆ ಹೇಳಿಯೇಬಿಟ್ಟ:

“ಅಮ್ಮಾ, ಸಾರ್ ಬೇರೇನೂ ಕೇಳ್ಲಿಲ್ಲ. ವಾಪಸ್ ದಾರಿ ತೋರಿಸತ್ತಾ ಅಂತ ಒಂದೇ ಮಾತು.”

ರಾಮಾಂಜಿನಪ್ಪನವರ ಎದೆಬಡಿತ ವಾಚಿನ ತುಂಬ ಕೆಂಪಗೆ ಕುಣಿಯಿತು. ಲಕ್ಷ್ಮಮ್ಮ ಗಂಡನನ್ನೇ ನೋಡುತ್ತ ನಿಂತರು. ದೀಪು ಅತ್ತ ಹೋದದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಿಮಗೆ ಎಂಗೆ ಗೊತ್ತಾಯ್ತು?”

“ಏ... ಏನು?”

“ನಾನು ದಾರಿ ತಪ್ಪೋದು. ಒಂದು ವರ್ಸದಿಂದ ಅಂಗಡಿಗೋದ್ರೆ ವಾಪಸ್ ಮನೆ ಸಿಕ್ಕಲ್ಲ ಕಣ್ರೀ. ಏಳ್ಕೊಳ್ಳಾಕೆ ನಾಚ್ಕೆ. ಬಾಯ್ಬಿಟ್ಟು ಏಳ್ದೇ ಇದ್ರೂ ತಿಳ್ಕೊಂಡು ತಂದ್ಕೊಟ್ರಲ್ಲ... ನಲವತ್ತು ವರ್ಸದಾಗೆ ಇಂಥಾದ್ದು ಯಾವತ್ತೂ ಕೊಟ್ಟಿರ್ಲಿಲ್ಲ ನೀವು.”

ಎನ್ನುತ್ತಲೇ ವಾಚನ್ನು ಗಂಡನ ಕೈಯಿಂದ ಬಿಚ್ಚಿ, ತಮ್ಮ ಹಸಿರು ಬಳೆಗಳ ಹಿಂದೆ ಕಟ್ಟಿಕೊಂಡು, ಬೆಳಕಿಗೆ ಹಿಡಿದು ನೋಡಿದರು. ಆ ಮುಖ ನೋಡಿದ ಮೇಲೆ ಯಾವ ಗಂಡಸು ತಾನೇ ಸತ್ಯ ಹೇಳಿಯಾನು? ರಾಮಾಂಜಿನಪ್ಪನವರು ಬರಿದಾದ ಮಣಿಕಟ್ಟು ಉಜ್ಜಿಕೊಂಡರು.

“ನಿನಗಲ್ದೆ ಇನ್ನಾರಿಗೆ ತರ್ತೀನಿ?” ಎಂದರು.

“ಇವತ್ತು ನಿಮಗಿಷ್ಟ ಅಂತ ಬಸ್ಸಾರು ಮಾಡ್ತೀನಿ. ಒಂದು ಕಟ್ಟು ದಂಟಿನಸೊಪ್ಪು ತಂದ್ಬುಡಿ,” ಎಂದು ಲಕ್ಷ್ಮಮ್ಮ ನಗುನಗುತ್ತ ಕೈಚೀಲ ಕೊಟ್ಟರು. “ಓಗ್ಬನ್ನಿ, ನೀವಾದ್ರೆ ಕಣ್ಮುಚ್ಕೊಂಡು ಬತ್ತೀರ.”